ಎಂಟು ಹತ್ತರ ಸಾಲು

“ರನ್‌ವೇ ಖಾಲಿ ಇದೆ.”

ಮೈಕಿನ ಗುಂಡಿ ಒತ್ತಿ ಅವಳು ಇಷ್ಟು ಹೇಳಿದಳು. ಗುಂಡಿಯಿಂದ ಬೆರಳು ತೆಗೆದು ಕಿಟಕಿಯತ್ತ ಕತ್ತು ತಿರುಗಿಸಿದಳು.

ರನ್‌ವೇ ಖಾಲಿ ಇರಲಿಲ್ಲ... ನಟ್ಟನಡುವೆ ಹಳದಿ ಜೀಪು ನಿಂತಿತ್ತು. ಬಾಗಿಲು ತೆರೆದೇ ಇತ್ತು. ಅಲ್ಲಿಂದ ಮೂವತ್ತು ಹೆಜ್ಜೆ ಆಚೆ ಜೀಪ್ ಮಾಮ ಬೆನ್ನು ಬಗ್ಗಿಸಿಕೊಂಡು ನೆಲದಿಂದ ಏನನ್ನೋ ಹೆಕ್ಕುತ್ತಿದ್ದರು. ಅವರ ರೇಡಿಯೊ ಇದ್ದದ್ದು ಜೀಪಿನೊಳಗೆ. ಇತ್ತ ಪೂರ್ವದ ಆಕಾಶದಲ್ಲಿ ಒಂಬತ್ತು ಸೀಟಿನ ಪುಟ್ಟ ವಿಮಾನ ಮೂಗು ತಗ್ಗಿಸಿಕೊಂಡು ಇಳಿದು ಬರುತ್ತಿತ್ತು.

ಅವಳ ಬೆರಳು ಆಗಲೇ ಮತ್ತೆ ಗುಂಡಿಯ ಮೇಲಿತ್ತು.

“ರನ್‌ವೇ ಮೇಲೆ ಜೀಪಿದೆ! ಇಳಿಯಬೇಡಿ, ಮೇಲೇರಿ! ಮತ್ತೆ ಹೇಳ್ತೀನಿ, ಮೇಲೇರಿ!”

ಒಂದು ಕ್ಷಣ ಬರೀ ಗೊರಗೊರ. ಆಮೇಲೆ ಒಂದು ಗಂಡಸಿನ ದನಿ, ಒಂದಿಷ್ಟೂ ಗಾಬರಿಯಿಲ್ಲದೆ.

“ಮೇಲೇರ್ತಿದ್ದೀನಿ.”

ವಿಮಾನ ಜೀಪಿನ ಮೇಲಿಂದ ಗುಡುಗಿಕೊಂಡು ಹೋಯಿತು. ಮಾಮ ನೆಲಕ್ಕೆ ಬೋರಲು ಬಿದ್ದರು. ಎದ್ದರು. ಆ ವಯಸ್ಸಿನಲ್ಲಿ ಅಷ್ಟು ಜೋರಾಗಿ ಓಡಬಹುದೆಂದು ಅವರಿಗೇ ಗೊತ್ತಿರಲಿಲ್ಲ! ಜೀಪು ರನ್‌ವೇ ಬಿಟ್ಟು ಹುಲ್ಲಿಗೆ ಇಳಿಯಿತು. ವಿಮಾನ ಒಂದು ಸುತ್ತು ಹಾಕಿ ಬಂದು ಮೆಲ್ಲಗೆ ನೆಲ ಮುಟ್ಟಿತು.

ಯಾರಿಗೂ ಏನೂ ಆಗಲಿಲ್ಲ.

ಅದು ತೀರಾ ಚಿಕ್ಕ ವಿಮಾನ ನಿಲ್ದಾಣ. ದೊಡ್ಡ ಊರುಗಳಲ್ಲಿರುವಂತೆ ಎತ್ತರದ ಗೋಪುರ, ಅಪ್ಪಣೆ ಕೊಡುವ ಅಧಿಕಾರಿಗಳು, ಸಾಲು ಸಾಲು ಪರದೆಗಳು... ಅದೊಂದೂ ಅಲ್ಲಿಲ್ಲ. ಮಾತುಗಳನ್ನು ಮುದ್ರಿಸಿಕೊಳ್ಳುವ ಯಂತ್ರವೂ ಇಲ್ಲ. ಎರಡನೇ ಮಹಡಿಯಲ್ಲಿ ಒಂದು ಕೋಣೆ, ಮೂರು ಕಡೆ ಗಾಜು, ಒಂದು ರೇಡಿಯೊ, ಒಂದು ದುರ್ಬೀನು, ಒಂದು ದಿನಚರಿ ಪುಸ್ತಕ ಮತ್ತು ಅವಳು. ಇಳಿ ಎನ್ನುವ, ಹಾರು ಎನ್ನುವ ಅಧಿಕಾರ ಅವಳಿಗಿಲ್ಲ. ಗಾಳಿ ಎಷ್ಟಿದೆ, ರನ್‌ವೇ ಮೇಲೆ ಏನಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುವುದಷ್ಟೇ ಕೆಲಸ. ಉಳಿದದ್ದು ಪೈಲಟ್‌ಗೆ ಬಿಟ್ಟದ್ದು.

ಆರು ವರ್ಷದಲ್ಲಿ ಮೊದಲ ಬಾರಿ ಅವಳು ಇಲ್ಲದ್ದನ್ನು ಹೇಳಿದ್ದಳು.

ಹೇಗೆ?

ಉತ್ತರ ಕಣ್ಣೆದುರೇ ಇತ್ತು. ದಿನಚರಿಯಲ್ಲಿ, ಅವಳದೇ ದುಂಡು ಅಕ್ಷರದಲ್ಲಿ: “8.10 – ಜೀಪು ರನ್‌ವೇ ಬಿಟ್ಟಿದೆ.”

ಜೀಪ್ ಮಾಮ ದಿನಾ ಬೆಳಿಗ್ಗೆ ರನ್‌ವೇ ಉದ್ದಕ್ಕೂ ಹೋಗಿ ಕಲ್ಲು, ಮೊಳೆ, ಸತ್ತ ಹಕ್ಕಿ ಏನಾದರೂ ಬಿದ್ದಿದೆಯೇ ಎಂದು ನೋಡುತ್ತಾರೆ. ಸರಿಯಾಗಿ ಎಂಟು ಹತ್ತಕ್ಕೆ “ರನ್‌ವೇ ಬಿಟ್ಟೆ ಕಣಮ್ಮಾ” ಎಂದು ರೇಡಿಯೊದಲ್ಲಿ ಹೇಳುತ್ತಾರೆ. ಹೇಳಿದ ಮೇಲೆ ಅವಳು ಬರೆಯಬೇಕು. ಮೊದಮೊದಲು ಹಾಗೇ ಬರೆಯುತ್ತಿದ್ದಳು. ಆದರೆ ಮಾಮ ಒಂದು ದಿನವೂ ಒಂದು ನಿಮಿಷವೂ ತಪ್ಪಿದವರಲ್ಲ. ಯಾವತ್ತಿನಿಂದಲೋ ಏನೋ, ಚಹಾ ಆರುವಷ್ಟರಲ್ಲಿ ಆ ಸಾಲನ್ನು ಮೊದಲೇ ಬರೆದಿಡುವ ಅಭ್ಯಾಸ ಆಗಿಬಿಟ್ಟಿತ್ತು. ಇವತ್ತೂ ಬರೆದಿದ್ದಳು. ಎಂಟು ಹತ್ತು ದಾಟಿದ ಮೇಲೆ ಪೈಲಟ್ ರನ್‌ವೇ ಬಗ್ಗೆ ಕೇಳಿದಾಗ ಕಣ್ಣು ಪುಸ್ತಕ ನೋಡಿತು, ಬಾಯಿ ಓದಿತು.

‘ಅಯ್ಯೋ... ನಾನೇ ಬರೆದದ್ದನ್ನು ನಾನೇ ನಂಬಿಬಿಟ್ಟೆನಲ್ಲ!’

ಕೈ ತಾನಾಗಿ ಪೆನ್ನು ಹಿಡಿಯಿತು. ಒಂದು ಗೀಟು ಎಳೆದರೆ ಸಾಕು. ಯಾರಿಗೂ ಗೊತ್ತಾಗುವುದಿಲ್ಲ. ಪೆನ್ನಿನ ಮೊನೆ ಕಾಗದಕ್ಕೆ ತಾಗಿತು...

ಬಾಗಿಲು ದಢಾರನೆ ತೆರೆಯಿತು.

ಅವನೇ, ಆ ವಿಮಾನದ ಪೈಲಟ್. ಮೂರು ವಾರದಿಂದ ಅವಳ ಕಿವಿಗೆ ಬರೀ ದನಿಯಾಗಿದ್ದವನು. ಆ ಗಂಭೀರ ದನಿ ಕೇಳಿ, ದಪ್ಪ ಮೀಸೆಯ ಆಜಾನುಬಾಹು ಇರಬೇಕು ಎಂದುಕೊಂಡಿದ್ದಳು. ಎದುರಿಗೆ ನಿಂತವನು ತೆಳ್ಳಗಿದ್ದ. ಮೀಸೆಯೂ ಇರಲಿಲ್ಲ. ಹೆಡ್‌ಫೋನ್ ಒತ್ತಿ ತಲೆಗೂದಲು ನಡುವೆ ಚಪ್ಪಟೆಯಾಗಿ, ಎರಡೂ ಪಕ್ಕ ಎದ್ದು ನಿಂತಿತ್ತು. ಬೇರೆ ದಿನವಾಗಿದ್ದರೆ ಅವಳು ಕಿಸಕ್ಕೆಂದು ನಕ್ಕುಬಿಡುತ್ತಿದ್ದಳು.

ಈಗ ಬೈಗುಳಕ್ಕೆ ಕಾದಳು.

“ಜೀಪಿನವರಿಗೆ ಪೆಟ್ಟಾಗಿಲ್ಲ ತಾನೆ?” ಅವನು ಕೇಳಿದ.

“ಇಲ್ಲ... ಮೊಣಕೈ ತರಚಿದೆ ಅಷ್ಟೆ ಅಂತ ರೇಡಿಯೊದಲ್ಲಿ ಹೇಳಿದ್ರು.”

“ಸದ್ಯ.”

ಅವನ ಕಣ್ಣು ತೆರೆದ ಪುಸ್ತಕಕ್ಕೆ ಹೋಯಿತು. ಎಂಟು ಹತ್ತರ ಸಾಲಿಗೆ. ಅಲ್ಲಿಂದ ಗಡಿಯಾರಕ್ಕೆ. ಅಲ್ಲಿಂದ ಅವಳ ಕೈಯ ಪೆನ್ನಿಗೆ.

“ಆ ಸಾಲನ್ನ ಹೊಡೆದುಹಾಕ್ಬೇಡಿ,” ಎಂದ.

ಅಷ್ಟೇ! ತಿರುಗಿ ಮೆಟ್ಟಿಲಿಳಿದು ಹೊರಟೇಹೋದ.

ಅವಳು ಪೆನ್ನನ್ನು ಕೆಳಗಿಟ್ಟಳು. ‘ಬೆದರಿಸಿ ಹೋದನಾ?’

ಮೂರನೇ ದಿನ ಕಾಗದ ಬಂತು. ಘಟನೆಯ ಬಗ್ಗೆ ವರದಿಯೊಂದು ಸಲ್ಲಿಕೆಯಾಗಿದೆ, ವಿಚಾರಣೆ ನಡೆಯಲಿದೆ, ಅಲ್ಲಿಯವರೆಗೆ ಅವಳು ರೇಡಿಯೊ ಮುಟ್ಟುವಂತಿಲ್ಲ. ಸಂಬಂಧಪಟ್ಟವರು ಈ ವಿಷಯ ತಮ್ಮತಮ್ಮಲ್ಲಿ ಮಾತಾಡುವಂತಿಲ್ಲ.

ವರದಿ! ಬೇರೆ ಯಾರು ಕೊಟ್ಟಾರು? ಜೀಪ್ ಮಾಮನಿಗೆ ವರದಿ ಬರೆಯುವುದಿರಲಿ, ರಜೆ ಚೀಟಿ ಬರೆಯಲೂ ಅವಳೇ ಬೇಕು.

ಆವತ್ತು ಮನೆಗೆ ಬಂದವಳ ಮುಖ ನೋಡಿಯೇ ಅಮ್ಮನಿಗೆ ಅರ್ಥವಾಯಿತು. ಅಮ್ಮ ಶಾಲೆಯಲ್ಲಿ ಲೆಕ್ಕದ ಟೀಚರು. ಊಟದ ಮೇಜಿನ ಮೇಲೆ ಮಕ್ಕಳ ನೋಟ್‌ಬುಕ್ಕುಗಳ ರಾಶಿ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಅಜ್ಜಿ. ಅಜ್ಜಿಗೆ ಕಿವಿ ಮಂದ. ಅಜ್ಜಿಯ ಜೊತೆ ಮಾತಾಡಿ ಮಾತಾಡಿಯೇ ಅವಳಿಗೆ ಬಿಡಿಬಿಡಿಯಾಗಿ ಮಾತಾಡುವ ರೂಢಿ ಬಂದದ್ದು.

“ಏನಾಯ್ತೇ?”

ಅವಳು ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ಅತ್ತಳು.

“ಉತ್ತರ ಮೊದಲು ಬರೆದು, ಲೆಕ್ಕ ಆಮೇಲೆ ಮಾಡಿದ್ದೀಯ,” ಎಂದರು ಅಮ್ಮ, ಕೆಂಪು ಪೆನ್ನಿನ ಮುಚ್ಚಳ ಹಾಕುತ್ತಾ. “ನನ್ನ ಕ್ಲಾಸಿನ ಜಾಣ ಮಕ್ಕಳೇ ಈ ತಪ್ಪು ಮಾಡೋದು. ದಡ್ಡರಿಗೆ ಅಷ್ಟು ಧೈರ್ಯ ಎಲ್ಲಿಂದ ಬರ್ಬೇಕು?”

“ಕೆಲಸ ಹೋದ್ರೆ ಏನಮ್ಮಾ ಮಾಡ್ಲಿ? ನನಗೆ ಆ ಕೋಣೆ ಬಿಟ್ರೆ ಬೇರೆ ಏನೂ ಬರಲ್ಲ... ಬೇರೆ ಏನೂ ಬೇಡ ನನಗೆ.”

ಅಮ್ಮ ನೋಟ್‌ಬುಕ್ಕುಗಳನ್ನು ಪಕ್ಕಕ್ಕೆ ಸರಿಸಿದರು. ಹತ್ತಿರ ಕರೆದು ತಲೆ ಸವರಿದರು.

“ಯಾರೇ ಅದು ಹುಡುಗ?” ಅಜ್ಜಿ ನಡುವೆ ಬಾಯಿ ಹಾಕಿದರು.

“ಹುಡುಗ ಗಿಡುಗ ಯಾರೂ ಇಲ್ಲ ಅಜ್ಜೀ! ಚಾಡಿಕೋರ ಅವನು! ಚಾ... ಡಿ... ಕೋ... ರ!”

“ಅಷ್ಟು ಬಿಡಿಸಿ ಬಿಡಿಸಿ ಹೇಳ್ತಿದ್ದೀಯ ಅಂದ್ರೆ ಮನಸ್ಸಿಗೆ ಹತ್ತಿರದವನೇ ಇರ್ಬೇಕು,” ಎಂದರು ಅಜ್ಜಿ, ತಣ್ಣಗೆ.

ಮರುದಿನದಿಂದ ಅವಳಿಗೆ ನೆಲಮಹಡಿಯ ಸಾಮಾನು ಕೋಣೆಯಲ್ಲಿ ಕೆಲಸ. ಗಾಳಿಯ ದಿಕ್ಕು ತೋರಿಸುವ ಹರಿದ ಗಾಳಿಚೀಲ ಹೊಲಿಯುವುದು, ರನ್‌ವೇ ಅಂಚಿನ ದೀಪಗಳ ಗಾಜು ಒರೆಸುವುದು. ಮೇಲಿನ ಕೋಣೆಗೆ ಬೇರೆ ಕಡೆಯಿಂದ ಒಬ್ಬರನ್ನು ಕರೆಸಿದ್ದರು. ಆ ಮನುಷ್ಯ ಬಾಯೊಳಗೇ ಮಾತಾಡುವವರು. ಗೋಡೆಯ ಸ್ಪೀಕರಿನಲ್ಲಿ ಎಲ್ಲವೂ ಕೇಳಿಸುತ್ತಿತ್ತು. ಅವಳು ಹಲ್ಲು ಕಚ್ಚಿ ಕೂತಿರುತ್ತಿದ್ದಳು.

ಅವನು ದಿನಾ ಬರುತ್ತಿದ್ದ. ಒಂದು ದಿನ ಬ್ಯಾಟರಿ ಬೇಕು, ಇನ್ನೊಂದು ದಿನ ಬಟ್ಟೆ ಚೂರು ಬೇಕು.

“ನಿಮ್ಮ ಹತ್ರ ಒಂದು ಮಾತು...”

“ವಿಚಾರಣೆಯಲ್ಲಿ ಹೇಳಿ ಸಾರ್.”

“ಅದಲ್ಲ, ಚೆನ್ನಾಗಿದ್ದೀರಾ ಅಂತ...”

“ಬಟ್ಟೆ ಚೂರು ಎಡಗಡೆ ಕಪಾಟಲ್ಲಿದೆ.”

ಅವನು ತೆಪ್ಪಗೆ ಎಡಗಡೆ ಕಪಾಟು ತೆರೆಯುತ್ತಿದ್ದ. ಆರು ದಿನದಲ್ಲಿ ಆರು ಬಟ್ಟೆ ಚೂರು! ಅಷ್ಟು ಸಣ್ಣ ವಿಮಾನಕ್ಕೆ ಅಷ್ಟು ಬಟ್ಟೆ ಏನಕ್ಕೆ ಎಂದು ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಆದರೆ ಅವನು ಆಕಾಶದಲ್ಲಿದ್ದಾಗ ಅವಳ ಕಿವಿ ಅವಳ ಮಾತನ್ನೇ ಕೇಳುತ್ತಿರಲಿಲ್ಲ. ಹತ್ತು ಮೈಲಿ ದೂರದಲ್ಲಿ ಒಂದು ಕರೆ. ಐದು ಮೈಲಿಯಲ್ಲಿ ಇನ್ನೊಂದು. ಕೊನೆಯ ತಿರುವಿನಲ್ಲಿ ಮತ್ತೊಂದು. ತಾನು ಎಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ, ಏನು ಮಾಡಲಿದ್ದೇನೆ... ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಮೇಲಿನ ಕೋಣೆಯವರು ಗೊಣಗಿದರೆ “ಅರ್ಥವಾಗಲಿಲ್ಲ, ದಯವಿಟ್ಟು ಇನ್ನೊಮ್ಮೆ” ಎನ್ನುತ್ತಿದ್ದ. ಒಂದೇ ಬೆಳಿಗ್ಗೆ ನಾಲ್ಕು ಸಲ ಹಾಗೆ ಕೇಳಿದ. ದನಿಯಲ್ಲಿ ಬೇಸರದ ಎಳೆಯೂ ಇರಲಿಲ್ಲ.

ಒಂದು ದಿನ ಗಾಳಿ ಅಡ್ಡಾದಿಡ್ಡಿ ಬೀಸುತ್ತಿತ್ತು. ಅವನು ಎರಡು ಸಲ ಇಳಿಯಲು ಬಂದು ಎರಡು ಸಲವೂ ಮೇಲೇರಿದ. ಮೂರನೇ ಸಲ ಇಳಿದ. ಕೆಳಗೆ ಬಂದ ಪ್ರಯಾಣಿಕರೊಬ್ಬರು ಅವನ ಮೇಲೆ ಎಗರಾಡಿದರು. “ಇಳಿಸೋಕೆ ಬರಲ್ವೇನ್ರೀ ನಿಮಗೆ? ಅರ್ಧ ಗಂಟೆ ಹಾಳು!”

“ತಡ ಆಯ್ತು, ತಪ್ಪು ನನ್ನದೇ,” ಎಂದ ಅವನು, ಅವರ ಚೀಲವನ್ನು ತಾನೇ ಎತ್ತಿಕೊಡುತ್ತಾ. “ಮನೆಗೆ ಫೋನ್ ಮಾಡಿ ಸಾರ್, ಕಾಯ್ತಿರ್ತಾರೆ.”

ಅವಳು ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಎಂಥಾ ಮನುಷ್ಯ ಇವನು! ಎಂಟು ಜನರ ಜೀವ ಕಾದು, ಬೈಸಿಕೊಂಡು, ಚೀಲ ಬೇರೆ ಹೊರುತ್ತಾನೆ. ತನ್ನದು ಸರಿ ಎಂದು ಒಂದು ಮಾತೂ ಆಡುವುದಿಲ್ಲ.

‘ಇಂಥವನು ಚಾಡಿ ಹೇಳ್ತಾನಾ?’

ಸೂಜಿ ಬೆರಳಿಗೆ ಚುಚ್ಚಿತು. ಗಾಳಿಚೀಲದ ಮೇಲೆ ಸಣ್ಣ ಕೆಂಪು ಚುಕ್ಕೆ ಮೂಡಿತು.

ಹನ್ನೆರಡನೇ ದಿನ ವಿಚಾರಣೆ. ಉದ್ದನೆಯ ಮೇಜು. ಒಂದು ಕಡೆ ದೊಡ್ಡ ಕಚೇರಿಯಿಂದ ಬಂದ ಅಧಿಕಾರಿ, ದಪ್ಪ ಕನ್ನಡಕದ ಹಿರಿಯ ಹೆಂಗಸು. ಇನ್ನೊಂದು ಕಡೆ ಅವಳು, ಅವನು, ನಡುವೆ ಜೀಪ್ ಮಾಮ. ಮಾಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮದುಮಗನ ಹಾಗೆ ಬೆವರುತ್ತಿದ್ದರು.

“ವರದಿ ಓದ್ತೀನಿ,” ಎಂದರು ಅಧಿಕಾರಿ. “ಬರೆದವರು ಪೈಲಟ್. ಯಾರ ಮೇಲೆ ಅಂದ್ರೆ... ಅವರ ಮೇಲೆ ಅವರೇ.”

ಅವಳು ತಲೆಯೆತ್ತಿದಳು.

“‘ಐದು ಮೈಲಿ ದೂರದಲ್ಲಿ ಕೊಡಬೇಕಾದ ಕರೆಯನ್ನು ನಾನು ಕೊಡಲಿಲ್ಲ. ಗಮನ ಬೇರೆ ಕಡೆ ಇತ್ತು. ಆ ಕರೆ ಬಂದಾಗಲೇ ರೇಡಿಯೊ ಕೋಣೆಯವರು ಎದ್ದು ಹೋಗಿ ರನ್‌ವೇ ನೋಡುವುದು. ನಾನು ಕೊಟ್ಟಿದ್ದರೆ ಅವರು ಜೀಪನ್ನು ಮೊದಲೇ ನೋಡುತ್ತಿದ್ದರು. ತಪ್ಪು ತಿಳಿದ ಕೂಡಲೇ ಅವರು ಸಮಜಾಯಿಷಿ ಕೊಡಲಿಲ್ಲ, ಕ್ಷಮೆ ಕೇಳುತ್ತಾ ಕೂರಲಿಲ್ಲ. ಬೇಕಾದ ಮಾತನ್ನು ಮಾತ್ರ ಹೇಳಿದರು. ವಿಮಾನದಲ್ಲಿದ್ದ ನಾವು ಒಂಬತ್ತು ಜನ, ಕೆಳಗಿದ್ದ ಒಬ್ಬರು, ಇವತ್ತು ಇರುವುದು ಆ ದನಿಯಿಂದ.’”

ಅವಳ ಕಣ್ಣು ಮಂಜಾಯಿತು. ಇಷ್ಟು ದಿನ ಇವನ ಮೇಲೆ ಮುಖ ಊದಿಸಿಕೊಂಡಿದ್ದೆನಲ್ಲ... ಬಟ್ಟೆ ಚೂರು ಎಡಗಡೆ ಕಪಾಟಿನಲ್ಲಿದೆ ಎಂದು ಕಚ್ಚುವ ಹಾಗೆ ಹೇಳಿದ್ದೆನಲ್ಲ!

ಅವಳಿಗೆ ಇನ್ನೊಂದೂ ಹೊಳೆಯಿತು. ವರದಿಯಲ್ಲಿ ಎಂಟು ಹತ್ತರ ಸಾಲಿನ ಸುದ್ದಿಯೇ ಇಲ್ಲ.

ಅಧಿಕಾರಿ ದಿನಚರಿ ತೆರೆದರು. “ಇಲ್ಲಿ ‘8.10, ಜೀಪು ರನ್‌ವೇ ಬಿಟ್ಟಿದೆ’ ಅಂತಿದೆ. ಆದ್ರೆ ಜೀಪು ಅಲ್ಲೇ ಇತ್ತು. ಬಿಟ್ಟೆ ಅಂತ ನೀವು ರೇಡಿಯೊದಲ್ಲಿ ಹೇಳಿದ್ರಾ?”

ಜೀಪ್ ಮಾಮ ಅವಳ ಕಡೆ ಒಮ್ಮೆ ನೋಡಿದರು. ಗಂಟಲು ಸರಿಮಾಡಿಕೊಂಡರು.

“ಹೇಳಿರ್ಬೇಕು ಮೇಡಂ. ವಯಸ್ಸಾಯ್ತು ನೋಡಿ. ಹೇಳಿ, ಆಮೇಲೆ ಇನ್ನೊಂದು ಬೋಲ್ಟ್ ಕಾಣಿಸ್ತು ಅಂತ ವಾಪಸ್ ಹೋಗಿರ್ಬೇಕು...”

ಸುಳ್ಳು! ಒಂದು ಬೋಲ್ಟು ಕಂಡರೆ ಅದರ ಜೊತೆಗಾರರನ್ನೆಲ್ಲ ಹುಡುಕಿ ತರುವ ಮನುಷ್ಯ. ಮೂವತ್ತು ವರ್ಷ ಒಂದೂ ಸುಳ್ಳಾಡದವರು. ನಿವೃತ್ತಿಗೆ ಇನ್ನು ಎರಡು ವರ್ಷ. ಅವಳನ್ನು ಉಳಿಸಲು ತಾವು ಮುಳುಗುತ್ತಿದ್ದರು.

ಸುಮ್ಮನಿದ್ದರೆ ಸಾಕಿತ್ತು. ಮೇಲಿನ ಕೋಣೆ ಮತ್ತೆ ಅವಳದಾಗುತ್ತಿತ್ತು. ಆ ಮೂರು ಕಡೆಯ ಗಾಜು, ಬೆಳಗಿನ ಬಿಸಿಲು, ದೂರದಿಂದ ಹತ್ತಿರವಾಗುವ ಅವನ ದನಿ... ಸುಮ್ಮನಿದ್ದರೆ ಎಲ್ಲವೂ.

ಅವಳು ಎದ್ದು ನಿಂತಳು.

“ಇಲ್ಲ ಮೇಡಂ. ಮಾಮ ಏನೂ ಹೇಳಲಿಲ್ಲ. ಅವರು ಹೇಳೋ ಮೊದಲೇ ನಾನು ಬರೆದಿಟ್ಟಿದ್ದೆ. ದಿನಾ ಹಾಗೇ ಮಾಡ್ತಿದ್ದೆ. ಅದನ್ನೇ ನೋಡಿ ರನ್‌ವೇ ಖಾಲಿ ಅಂದೆ. ಆಮೇಲೆ ಆ ಸಾಲು ಹೊಡೆದುಹಾಕೋಕೂ ಹೋಗಿದ್ದೆ.”

“ಅಯ್ಯೋ ಮಗಳೇ...” ಎಂದರು ಮಾಮ, ತಲೆ ಮೇಲೆ ಕೈಹೊತ್ತು.

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೋಡಮ್ಮಾ, ನಾನು ಶಿಕ್ಷೆ ಕೊಡೋಕೆ ಬಂದವಳಲ್ಲ. ಇದು ಇನ್ನೊಂದು ಸಲ ಆಗದ ಹಾಗೆ ಮಾಡೋಕೆ ಬಂದವಳು. ಯಾಕಾಯ್ತು ಅಂತ ನಿಜ ಗೊತ್ತಾಗದೆ ಅದನ್ನ ಹೇಗೆ ಮಾಡ್ಲಿ? ಈಗ ಗೊತ್ತಾಯ್ತು.” ಆಮೇಲೆ ಮಾಮನ ಕಡೆ ತಿರುಗಿದರು. “ನಿಮಗೆ ಸುಳ್ಳು ಹೇಳೋಕೆ ಬರಲ್ಲ. ಕಿವಿ ಕೆಂಪಾಗುತ್ತೆ.”

ಮಾಮ ಕಿವಿ ಮುಟ್ಟಿ ನೋಡಿಕೊಂಡರು.

ತೀರ್ಮಾನ ಆವತ್ತೇ ಬಂತು. ಕಿವಿಯಾರೆ ಕೇಳಿದ ಮೇಲೆಯೇ ದಿನಚರಿಯಲ್ಲಿ ಬರೆಯಬೇಕು, ರನ್‌ವೇಯನ್ನು ಕಣ್ಣಾರೆ ನೋಡಿಯೇ ಮೈಕ್ ಒತ್ತಬೇಕು. ಜೀಪ್ ಮಾಮನ ಸೊಂಟಕ್ಕೊಂದು ಕೈರೇಡಿಯೊ. ಐದು ಮೈಲಿಯ ಕರೆ ಬರದಿದ್ದರೆ ಕೋಣೆಯವರೇ ಕೇಳಬೇಕು. ಸೋಮವಾರದಿಂದ ಅವಳು ಮತ್ತೆ ರೇಡಿಯೊಗೆ.

ಹೊರಗೆ ಪಡಸಾಲೆಯಲ್ಲಿ ಅವಳು ಅವನನ್ನು ತಡೆದು ನಿಲ್ಲಿಸಿದಳು.

“ಹೊಡೆದುಹಾಕ್ಬೇಡಿ ಅಂದ್ರಲ್ಲ... ಯಾಕೆ?”

“ಹೊಡೆದಿದ್ರೆ, ಇವತ್ತು ನೀವು ಎದ್ದು ನಿಂತು ಹೇಳಿದ್ದನ್ನ ಯಾರೂ ನಂಬ್ತಿರಲಿಲ್ಲ.”

“ನಾನು ಎದ್ದು ನಿಲ್ತೀನಿ ಅಂತ ನಿಮಗೆ ಹೇಗೆ ಗೊತ್ತು?”

“ಗೊತ್ತಿರಲಿಲ್ಲ,” ಎಂದ. “ನಿಂತ್ರೆ ಚೆನ್ನಾಗಿರುತ್ತೆ ಅಂತ ಆಸೆ ಇತ್ತು.”

“ವರದಿಯಲ್ಲಿ ಅದನ್ನ ಬರೀಬಹುದಿತ್ತು.”

“ಅದು ನಿಮ್ಮದು. ನನ್ನದನ್ನ ನಾನು ಬರೆದೆ.”

ಅವಳು ಏನೋ ಹೇಳಲು ಬಾಯಿ ತೆರೆದಳು. ದಿನಕ್ಕೆ ಹತ್ತು ವಿಮಾನಗಳ ಜೊತೆ ಮಾತಾಡುವವಳಿಗೆ ಎದುರಿಗೆ ನಿಂತ ಒಬ್ಬನ ಜೊತೆ ಮಾತು ಬರಲಿಲ್ಲ!

ಸೋಮವಾರ ಬೆಳಿಗ್ಗೆ ಅವಳು ಮತ್ತೆ ಮೆಟ್ಟಿಲು ಹತ್ತಿ ಹೋದಳು. ಕುರ್ಚಿ ಅದೇ, ಮೈಕ್ ಅದೇ. ಗುಂಡಿಯ ಮೇಲೆ ಬೆರಳಿಟ್ಟರೆ ಆ ಹಳದಿ ಜೀಪು ಕಣ್ಣಿಗೆ ಕಟ್ಟುತ್ತಿತ್ತು. ಮತ್ತೆ ತಪ್ಪಾದರೆ? ಈ ಸಲ ನೋಡುವುದು ತಡವಾದರೆ?

ಅವನಿಗೆ ಆವತ್ತು ರಜೆ. ಆದರೂ ಬಂದ. ಮೂಲೆಯ ಸ್ಟೂಲಿನ ಮೇಲೆ ಕೂತ.

“ಸುಮ್ನೆ ಕೂತಿರ್ತೀನಿ. ಧೈರ್ಯಕ್ಕೆ.”

ಸ್ಪೀಕರು ಗೊರಗುಟ್ಟಿತು. ರೋಗಿಯೊಬ್ಬರನ್ನು ಕರೆತರುತ್ತಿದ್ದ ವಿಮಾನ. ಹತ್ತು ಮೈಲಿ. ಅವಳು ಗಾಳಿಯ ಲೆಕ್ಕ ಹೇಳಿದಳು. ದನಿ ಸ್ವಲ್ಪ ನಡುಗಿತು. ಕಣ್ಣು ಕಿಟಕಿಗೆ ಹೋಗಬೇಕಿತ್ತು, ಮೂಲೆಗೆ ಹೋಯಿತು. ಮತ್ತೆ ಕಿಟಕಿ. ಮತ್ತೆ ಮೂಲೆ. ಅಲ್ಲಿ ರಜೆಯ ದಿನವೂ ಚಪ್ಪಟೆಯಾಗಿಯೇ ಇದ್ದ ತಲೆಗೂದಲು, ಮಂಡಿಯ ಮೇಲೆ ಜೋಡಿಸಿಟ್ಟ ಕೈಗಳು...

ಛೆ!

“ನೀವು ಹೊರಗೆ ಹೋಗಿ,” ಎಂದಳು.

ಅವನ ಮುಖ ಬಾಡಿತು. “ನಾನೇನಾದ್ರೂ...”

“ನೀವಿಲ್ಲಿದ್ರೆ ನನ್ನ ಕಣ್ಣು ರನ್‌ವೇ ಮೇಲೆ ನಿಲ್ಲಲ್ಲ!”

ಹೇಳಿದ ಮೇಲೆಯೇ ಅವಳಿಗೆ ತಾನು ಏನು ಹೇಳಿದೆನೆಂದು ತಿಳಿದದ್ದು. ಕೆನ್ನೆ ಬಿಸಿಯಾಯಿತು. ಅವನು ಒಂದು ಗಳಿಗೆ ಅವಳನ್ನೇ ನೋಡಿದ. ನಿಧಾನಕ್ಕೆ ಎದ್ದ. ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೊರಗೆ ಹೋದ.

“ಐದು ಮೈಲಿ,” ಎಂದಿತು ಸ್ಪೀಕರು.

ಅವಳು ಎದ್ದು ಗಾಜಿನ ಹತ್ತಿರ ಹೋದಳು. ರನ್‌ವೇಯ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ದುರ್ಬೀನು ಹಿಡಿದು ಮತ್ತೊಮ್ಮೆ ನೋಡಿದಳು. ಜೀಪು ಹುಲ್ಲಿನ ಆಚೆ ನಿಂತಿತ್ತು. ಮಾಮ ಅದಕ್ಕೆ ಒರಗಿ ನಿಂತಿದ್ದರು. ಅವರು ಅಲ್ಲಿದ್ದಾರೆ ಎಂದು ಅವಳಿಗೆ ಗೊತ್ತಾದದ್ದು ಕಂಡದ್ದರಿಂದ, ಪುಸ್ತಕದಿಂದಲ್ಲ.

ಗುಂಡಿ ಒತ್ತಿದಳು. ದನಿ ನಡುಗಲಿಲ್ಲ. ವಿಮಾನ ಇಳಿಯಿತು, ರೋಗಿಯನ್ನು ಹೊತ್ತ ವ್ಯಾನು ಗೇಟು ದಾಟಿತು.

ಆವತ್ತು ಇನ್ನೂ ಏಳು ವಿಮಾನಗಳು ಬಂದವು. ಮಧ್ಯಾಹ್ನ ಮೂರಕ್ಕೆ ಪಾಳಿ ಮುಗಿಸಿ ಬಾಗಿಲು ತೆರೆದರೆ, ಅವನು ಮೇಲಿನಿಂದ ಮೂರನೇ ಮೆಟ್ಟಿಲ ಮೇಲೆ ಕೂತಿದ್ದ!

“ಇನ್ನೂ ಇಲ್ಲೇ ಇದ್ದೀರಾ?”

“ಹೊರಗೆ ಹೋಗಿ ಅಂದ್ರಿ. ಮನೆಗೆ ಹೋಗಿ ಅನ್ನಲಿಲ್ಲ.”

ಅವಳಿಗೆ ನಗು ಬಂತು, ಅಳುವೂ ಬಂತು. ಅವನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು.

“ವರದಿಯಲ್ಲಿ ಗಮನ ಬೇರೆ ಕಡೆ ಇತ್ತು ಅಂತ ಬರೆದಿದ್ರಲ್ಲ. ಎಲ್ಲಿತ್ತು?”

“ಆ ಅಧಿಕಾರಿಯೂ ಆವತ್ತು ನನ್ನೊಬ್ಬನನ್ನೇ ಕರೆದು ಅದನ್ನೇ ಕೇಳಿದ್ರು.”

“ಏನಂದ್ರಿ?”

“ನಿಜ ಹೇಳಿದೆ. ಮೂರು ವಾರ ಬರೀ ನಿಮ್ಮ ದನಿ ಕೇಳ್ಕೊಂಡು ಇಳಿದಿದ್ದೆ. ಆವತ್ತು ನೀವು ಗಾಳಿ ಎಷ್ಟಿದೆ ಅಂತ ಹೇಳಿದ್ರಿ. ಇವರು ಎದುರಿಗೆ ಸಿಕ್ಕಿದ್ರೆ ಏನು ಮಾತಾಡ್ಬೇಕು ಅಂತ ಯೋಚಿಸ್ತಾ ಐದು ಮೈಲಿ ದಾಟಿಬಿಟ್ಟೆ.” ಅವನು ತಲೆ ತಗ್ಗಿಸಿದ. “ನಾಚಿಕೆ ಆಗುತ್ತೆ. ಒಂಬತ್ತು ಜನರ ಜೀವದ ಮುಂದೆ ಅದೇನು ದೊಡ್ಡದಾ? ಇನ್ಮೇಲೆ ಆ ತಪ್ಪು ಆಗಲ್ಲ. ಸಂಜೆ ನೀವು ಪಕ್ಕದಲ್ಲಿ ಕೂತು ಮಾತಾಡ್ತೀರಿ ಅಂತ ಗೊತ್ತಿದ್ರೆ, ಬೆಳಿಗ್ಗೆ ನಾನು ಕೆಲಸ ಬಿಟ್ಟು ಬೇರೆ ಏನನ್ನೂ ಯೋಚಿಸ್ಬೇಕಾಗಿಲ್ಲ.”

“ಭಯ ಆಗುತ್ತೆ ನನಗೆ,” ಎಂದಳು ಅವಳು. “ನನ್ನ ಅತೀ ಕೆಟ್ಟ ದಿನವನ್ನೇ ನೀವು ಮೊದಲು ನೋಡಿದ್ದು.”

“ಅದಕ್ಕೇ. ತಪ್ಪಾದ ಮೇಲೆ ನೀವು ಏನು ಮಾಡ್ತೀರಿ ಅಂತ ಎರಡು ಸಲ ನೋಡಿದೆ. ಒಂದು ಸಲ ಆಕಾಶದಿಂದ, ಇನ್ನೊಂದು ಸಲ ಆ ಮೇಜಿನ ಮುಂದೆ. ಜೀವನ ಪೂರ್ತಿ ಜೊತೆಗಿರೋಕೆ ಒಬ್ಬರ ಬಗ್ಗೆ ಇನ್ನೇನು ತಿಳ್ಕೊಬೇಕು ಹೇಳಿ?”

ಅವಳ ಕಣ್ಣಿಂದ ಹನಿ ಉದುರಿತು. ಒರೆಸಿಕೊಳ್ಳಲಿಲ್ಲ. ಅವನ ಮಂಡಿಯ ಮೇಲಿದ್ದ ಕೈಯನ್ನು ತಾನೇ ಹಿಡಿದುಕೊಂಡಳು.

“ಇನ್ಮೇಲೆ ನನ್ನ ‘ನೀವು’ ಅನ್ಬೇಡಿ.”

“ಹಾಗಾದ್ರೆ ನೀನೂ ಅನ್ಬೇಡ.”

“ಸರಿ...” ಎಂದು ಅವಳು ತುಸು ತಡೆದಳು. ಆರು ವರ್ಷ ರೇಡಿಯೊದಲ್ಲಿ ಯಾರಿಗೂ ಕೇಳಿಸದಿದ್ದ ಮೆತ್ತಗಿನ ದನಿಯಲ್ಲಿ ಕೇಳಿದಳು. “ಹಸಿವಾಗಿದ್ಯಾ ನಿನಗೆ?”

“ಬೆಳಿಗ್ಗೆಯಿಂದ.”

“ಹುಚ್ಚಪ್ಪಾ! ಬಾಗಿಲು ತಟ್ಟಬಾರದಿತ್ತಾ?”

“ನೀನು ಕೆಲಸದಲ್ಲಿದ್ದೆ,” ಎಂದ ಅವನು.